ನೂರಕ್ಕೆ ಎಪ್ಪತ್ತು

ಹೊಸಪೇಟೆಯ ಶಿಲ್ಪಶ್ರೀ ನಡೆಸುತ್ತಿದ್ದ ಶಾಲೆಗೆ ಆರು ಚಕ್ರ, ಇಪ್ಪತ್ತೆರಡು ಕಿಟಕಿ, ಒಬ್ಬಳೇ ವಿದ್ಯಾರ್ಥಿನಿ. ಕಂಡಕ್ಟರ್ ಸೀಟಿ ಹೊಡೆದರೆ ಪಾಠ ಶುರುವಾಗುವ ಶಾಲೆ ಇಡೀ ಭೂಮಂಡಲದಲ್ಲಿ ಇದೊಂದೇ. ಬೇಕಾದರೆ ಬಸ್ ನಿಲ್ದಾಣದ ಚಹಾ ಅಂಗಡಿಯವನನ್ನು ಕೇಳಿ, ಕೆಟಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾನೆ. ಆ ವಿದ್ಯಾರ್ಥಿನಿ ಶಿಲ್ಪಶ್ರೀಯ ಮಗಳು, ಒಂಬತ್ತು ವರ್ಷದ ಸ್ನೇಹಾ. ಅರವತ್ತು ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಿಗೆ ಸಂಜೆ ಗಂಟಲು ಕಟ್ಟುತ್ತದೆ. ಈ ಒಬ್ಬಳಿಗೆ ಹೇಳುವಷ್ಟರಲ್ಲಿ ಶಿಲ್ಪಶ್ರೀಗೆ ಬೆಳಿಗ್ಗೆ ಹತ್ತಕ್ಕೇ ಜೀವ ಬಾಯಿಗೆ ಬರುತ್ತಿತ್ತು.

ಸ್ನೇಹಾಳ ಕಣ್ಣಿನ ಹಿಂದಿನ ಪರದೆ ಹುಟ್ಟಿನಿಂದಲೇ ಸವೆದಿತ್ತು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕತ್ತು ಓರೆ ಮಾಡಿದರೆ ಎಡಗಣ್ಣಿನ ಒಂದು ಮೂಲೆಯಲ್ಲಿ ಒಂದಿಷ್ಟು ಕಾಣುತ್ತಿತ್ತು. ಅದರಾಚೆಗಿನ ಲೋಕವೆಲ್ಲ ತೆಳು ಗಂಜಿ. ಹೆಜ್ಜೆ ಹಾಕಿದ್ದೇ ನಾಲ್ಕು ವರ್ಷ ತುಂಬಿದ ಮೇಲೆ. ಈಗಲೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು. ದಿನಕ್ಕೆ ಹತ್ತು ಸಲ ಚಪ್ಪಲಿ ಹಾಕಿದರೆ ಹನ್ನೊಂದು ಸಲ ಅದಲುಬದಲು. ಪೆನ್ಸಿಲನ್ನು ಹಾವಿನ ಮರಿಯೆಂಬಂತೆ ಹಿಡಿದು ಒಗೆಯುತ್ತಿದ್ದಳು. ಅನ್ನಕ್ಕೆ ಒಂದು ಹನಿ ಸಾರು ತಾಗಿದರೆ ತಟ್ಟೆ ಬಿಟ್ಟೇಳುತ್ತಿದ್ದಳು. ಆದರೆ ಕಿವಿಗೆ ಬಿದ್ದದ್ದರಲ್ಲಿ ಒಂದಕ್ಷರವೂ ಸೋರುತ್ತಿರಲಿಲ್ಲ. ಯಾರೂ ಹೇಳಿಕೊಡದ ನಲವತ್ಮೂರರ ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ರೇಡಿಯೋದಲ್ಲಿ ಬಂದ ಹವಾಮಾನ ವರದಿಯನ್ನು ಚಾಚೂ ತಪ್ಪದೆ ಒಪ್ಪಿಸಿ, ಕೊನೆಗೆ "ಆದ್ರ ಮಳಿ ಬರಲಿಲ್ಲ" ಎಂದು ಸೇರಿಸುತ್ತಿದ್ದಳು.

ಮೂರು ಶಾಲೆಗಳು ಅವಳನ್ನು ಮನೆಗೆ ಕಳಿಸಿದ್ದವು. ಮೊದಲನೆಯದು ಬೋರ್ಡು ಕಾಣುವುದಿಲ್ಲವೆಂದು, ಎರಡನೆಯದು ಬೆಂಚಿನಲ್ಲಿ ಕೂರುವುದಿಲ್ಲವೆಂದು. ಮೂರನೆಯ ಶಾಲೆಯ ಹೆಡ್ ಮೇಡಂ ಕೈಮುಗಿದೇ ಹೇಳಿದ್ದರು: "ನಮ್ಮ ಟೀಚರ್ ಮಾಡೋ ತಪ್ಪು ಎಣಸ್ತಾಳ್ರೀ ಈಕಿ. ನಿನ್ನೆ ಒಂದ ದಿನಕ್ಕ ಹದಿನಾಲ್ಕು ಅಂದ್ಲು. ನಾನೂ ಕುಂತು ಎಣಿಸಿದೆ, ಹದಿನಾಲ್ಕ ಆದ್ವು. ಇನ್ನ ಆ ಟೀಚರ್ ಬರಲ್ಲ ಅಂತಾಳ."

ಮನೆಯಲ್ಲಿ ಟೇಬಲ್ ಹಾಕಿ ಶುರು ಮಾಡಿದ ಶಾಲೆ ಎರಡೇ ವಾರ ನಡೆಯಿತು. ಸ್ನೇಹಾ ಟೇಬಲಿನ ಕೆಳಗೆ, ಮೇಲೆ, ಹಿಂದೆ, ಎಲ್ಲೆಲ್ಲೋ ಇದ್ದಳು, ಮುಂದೊಂದು ಬಿಟ್ಟು. ಆಮೇಲೊಂದು ದಿನ ಎಮ್ಮಿಗನೂರಿನ ತವರಿಗೆ ಹೋಗುವಾಗ ಬಸ್ಸಿನಲ್ಲಿ ಒಂದೂವರೆ ತಾಸು ಕಲ್ಲುಗೊಂಬೆಯಂತೆ ಕೂತುಬಿಟ್ಟಳು. ಎಂಜಿನ್ನಿನ ನಡುಕ ಮೈಗೆ ಹತ್ತಿದರೆ ಅವಳ ಕೈಕಾಲು ತೆಪ್ಪಗಾಗುತ್ತಿದ್ದವು, ತಲೆ ಮಾತ್ರ ಓಡುತ್ತಿತ್ತು. ಹೆಂಗಸರಿಗೆ ಸರಕಾರಿ ಬಸ್ಸು ಹೇಗೂ ಪುಕ್ಕಟೆ. ಶಿಲ್ಪಶ್ರೀ ಆಧಾರ್ ಕಾರ್ಡು ತೋರಿಸಿ ಶಾಲೆಯನ್ನು ಹತ್ತಿಸಿಯೇ ಬಿಟ್ಟಳು. ಸೋಮವಾರ, ಬುಧವಾರ ಸಂಡೂರಿನ ಬಸ್ಸು: ಗುಡ್ಡ, ಕಲ್ಲು, ಅದಿರು, ಲಾರಿಗಳ ಲೆಕ್ಕ. ಮಂಗಳವಾರ, ಗುರುವಾರ ಕಂಪ್ಲಿಯ ಬಸ್ಸು: ಕಾಲುವೆ, ಭತ್ತ, ಕಬ್ಬು, ಭಾಗಾಕಾರ. ಶುಕ್ರವಾರ ಹಂಪಿ. ಅಲ್ಲಿ ಚರಿತ್ರೆಯನ್ನು ಬೆರಳಿನಿಂದ ತಡವಿ ಕಲಿಯುವುದು, ಕಾವಲುಗಾರ ಬಂದು ಬೈಯುವವರೆಗೆ.

ಪಾಠದ ಪದ್ಧತಿಯೂ ಒಂದೇ. ಶಿಲ್ಪಶ್ರೀ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಾಳೆ. ಸ್ನೇಹಾ ಕೇಳುತ್ತಾಳೆ. ಇಳಿಯುವ ಊರು ಬರುವ ಮುಂಚೆ ಸ್ನೇಹಾ ಅದನ್ನೆಲ್ಲ ತಿರುಗಿ ಒಪ್ಪಿಸುತ್ತಾಳೆ. ಅದೇ ಪರೀಕ್ಷೆ.

"ಅಕ್ಕಾರ, ಸ್ವಲ್ಪ ಮೆತ್ತಗ ಓದ್ರಿ," ಎನ್ನುತ್ತಿದ್ದ ಕಂಡಕ್ಟರ್ ಬಸವರಾಜ್. "ನಿಮ್ಮ ಮಗಳಿಗಿಂತ ಮೊದಲ ನಾನ ಐದನೇತ್ತ ಪಾಸಾಗ್ತೀನಿ."

"ನೀವು ಆಗಲ್ಲ," ಎಂದಳು ಸ್ನೇಹಾ. "ಮೊನ್ನೆ ಮೂವತ್ತೊಂಬತ್ತು ಮಂದಿ ಹತ್ತಿದ್ರು, ನೀವು ನಲವತ್ತೊಂದು ಅಂತ ಎಣಿಸಿದ್ರಿ."

ಬಸವರಾಜ್ ಮೂರು ದಿನ ಆ ಸೀಟಿನ ಕಡೆ ಸುಳಿಯಲಿಲ್ಲ.

ಇಷ್ಟೆಲ್ಲ ನಡೆದರೂ ಶಿಲ್ಪಶ್ರೀಯ ಗಂಡ ಜಂಬುನಾಥನಿಗೆ ಇದು ಶಾಲೆಯೆಂದು ಅನ್ನಿಸಲಿಲ್ಲ. ಅವನು ವಡ್ಡು ಗ್ರಾಮದ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸದವನು. ಗೇಟ್ ಪಾಸು, ಸಹಿ, ಸೀಲು ಇಲ್ಲದ ಯಾವುದನ್ನೂ ನಂಬುವವನಲ್ಲ. ದೂರದ ಊರಲ್ಲಿ ಇಂಥ ಮಕ್ಕಳ ಹಾಸ್ಟೆಲ್ ಇರುವುದನ್ನು ಯಾರೋ ಅವನ ಕಿವಿಗೆ ಹಾಕಿದ್ದರು.

"ಈ ವರ್ಷ ಐದನೇತ್ತ ಪಾಸಾದ ಒಂದು ಕಾಗದ ತೋರಸು," ಎಂದಿದ್ದ. "ತೋರಿಸಿದ್ರ ನೀನು ಬಸ್ಸಿನಾಗ ಓದಸು, ವಿಮಾನದಾಗ ಓದಸು, ನಾ ಕೇಳಲ್ಲ. ಇಲ್ಲಾಂದ್ರ ಜೂನ್‌ಗೆ ಹಾಸ್ಟೆಲ್ಲು."

ಮನೆಯಲ್ಲೇ ಓದಿದ ಮಕ್ಕಳು ಕಟ್ಟಬಹುದಾದ ಪರೀಕ್ಷೆಯೊಂದಿತ್ತು. ಸ್ನೇಹಾ ಅದನ್ನು ನಿದ್ದೆಯಲ್ಲೂ ಪಾಸು ಮಾಡುತ್ತಿದ್ದಳು, ಉತ್ತರ ಹೇಳಲು ಬಿಟ್ಟರೆ. ಬೇರೆಯವರ ಕೈಯಿಂದ ಬರೆಸಬೇಕಾದರೆ ಕಣ್ಣು ಕಾಣುವುದಿಲ್ಲವೆಂಬ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಸರಕಾರದ ಕಣ್ಣು ತಪಾಸಣೆ ಶಿಬಿರಕ್ಕೆ ಹೋಗಬೇಕು. ಅರ್ಜಿಗೆ ಕೊನೆಯ ದಿನ ತಿಂಗಳ ಮೂವತ್ತು. ಇದರಲ್ಲೇನು ಕಷ್ಟ, ಕಾಣದವಳಿಗೆ ಕಾಣುವುದಿಲ್ಲವೆಂದು ಬರೆಸಲು ಎಷ್ಟು ಹೊತ್ತು ಬೇಕು ಎಂದುಕೊಂಡಳು ಶಿಲ್ಪಶ್ರೀ. ಅವಳ ಜೀವಮಾನದ ಲೆಕ್ಕಾಚಾರಗಳಲ್ಲೆಲ್ಲ ಇಷ್ಟು ಎಡವಟ್ಟಾದದ್ದು ಇನ್ನೊಂದಿಲ್ಲ.

ಮೊದಲ ಶಿಬಿರ ಸಂಡೂರಿನ ಒಂದು ಕಲ್ಯಾಣ ಮಂಟಪದಲ್ಲಿತ್ತು. ಸರದಿಯ ಸಾಲು ಅಡುಗೆಮನೆ ದಾಟಿ, ಹಿತ್ತಿಲು ದಾಟಿ, ಇನ್ನು ಸ್ವಲ್ಪವಾದರೆ ಗುಡ್ಡ ಹತ್ತುತ್ತಿತ್ತು. ವೇದಿಕೆಯ ಮೇಲೆ, ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ, ಅಕ್ಷರಗಳ ಚಾರ್ಟು ನೇತುಹಾಕಿದ್ದರು. ಒಬ್ಬೊಬ್ಬರೇ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಮುಂದಿದ್ದ ಮುದುಕನೊಬ್ಬ ನಾಲ್ಕನೇ ಸಾಲಿನಲ್ಲಿ ಎಡವಿದ. "ರ, ದ, ವ..." ಎಂದ. "ವ ಅಲ್ಲ ತಾತ, ಪ," ಎಂದು ಶಿಬಿರದ ಸಹಾಯಕ ಹುಡುಗ ತಿದ್ದಿದ.

ಸ್ನೇಹಾಳ ಸರದಿ ಬಂತು. ಸಹಾಯಕ ತನ್ನ ಫೋನು ನೋಡುತ್ತಲೇ "ಮ್ಯಾಲಿಂದ ಹೇಳವ್ವ" ಎಂದ.

ಸ್ನೇಹಾ ಕತ್ತನ್ನು ಕಿಟಕಿಯ ಕಡೆಗಿಟ್ಟುಕೊಂಡು, ಚಾರ್ಟು ಎಲ್ಲಿದೆಯೆಂದೂ ಗೊತ್ತಿಲ್ಲದೆ, ಒಂದೇ ಉಸಿರಿನಲ್ಲಿ ಶುರು ಮಾಡಿದಳು. "ಠ. ಗ, ಲ. ಸ, ಯ, ಟ. ರ, ದ, ವ, ಅಲ್ಲ ತಾತ, ಪ..." ಹಾಗೆಯೇ ಕೊನೆಯ ಸಾಲಿನವರೆಗೆ, ಹದ್ದಿಗೂ ಕಾಣದ ಅಕ್ಷರಗಳವರೆಗೆ.

"ಯಾರಿಗೆ ತಾತ ಅಂತಿ?" ಎಂದು ಇಪ್ಪತ್ನಾಲ್ಕರ ಆ ಹುಡುಗ ಮುಖ ಊದಿಸಿಕೊಂಡು 'ಆರಕ್ಕೆ ಆರು' ಎಂದು ಬರೆದ. ಅಂದರೆ ದೃಷ್ಟಿ ಅಪ್ಪಟ ಬಂಗಾರ.

"ಆಕಿಗೆ ಕಾಣಲ್ರೀ," ಎಂದಳು ಶಿಲ್ಪಶ್ರೀ. "ಸಾಲಿನಾಗ ನಿಂತು ಕೇಳಿಸ್ಕೊಂಡು ಹೇಳ್ಯಾಳ. ಹಳೇ ರಿಪೋರ್ಟು ತಂದೀನಿ, ನೋಡ್ರಿ."

"ಹತ್ತು ಸಾಲು ಕೇಳಿಸ್ಕೊಂಡಾ? ಅಕ್ಕಾರ, ಹಿಂದ ಐವತ್ತು ಮಂದಿ ಅದಾರ."

ಬಸ್ಸಿನಲ್ಲಿ ಸ್ನೇಹಾ ಕುಣಿಯುವುದೊಂದು ಬಾಕಿ. "ಆರಕ್ಕ ಆರು. ಫುಲ್ ಮಾರ್ಕ್ಸ್. ಅಮ್ಮ, ನಿನಗ ಖುಷಿ ಆಗಲಿಲ್ಲೇನು?" ಸಂಡೂರಿನಿಂದ ಹೊಸಪೇಟೆಗೆ ಮೂವತ್ತು ಕಿಲೋಮೀಟರು. ಅಷ್ಟರಲ್ಲಿ ಅವಳು ಅದನ್ನು ಮುನ್ನೂರು ಸಲ ಕೇಳಿದಳು. ಶಿಲ್ಪಶ್ರೀ ಕಿಟಕಿಯ ಸರಳು ಹಿಡಿದ ರಭಸಕ್ಕೆ ಅದು ಇವತ್ತಿಗೂ ಡೊಂಕು.

ಎರಡನೆಯ ಶಿಬಿರ ಕಂಪ್ಲಿಯಲ್ಲಿ, ಹತ್ತು ದಿನದ ಮೇಲೆ. ಈ ಸಲ ಶಿಲ್ಪಶ್ರೀ ಯುದ್ಧಕ್ಕೆ ಹೋಗುವವಳಂತೆ ಯೋಚಿಸಿದಳು. ಮೊದಲ ಬಸ್ಸು ಹಿಡಿದು, ಶಿಬಿರದವರು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ಕೂತಳು. ಮುಂದೆ ಯಾರೂ ಇಲ್ಲದಿದ್ದರೆ ಯಾರ ಓದೂ ಮಗಳ ಕಿವಿಗೆ ಬೀಳುವುದಿಲ್ಲ. ದಾರಿಯುದ್ದ ಒಂದೇ ಮಾತು ಹೇಳಿಕೊಟ್ಟಿದ್ದಳು: "ಕಾಣದಿದ್ರ ಕಾಣಲ್ಲ ಅನ್ನು. ಅಷ್ಟ. ಹೆಚ್ಚಿಗಿ ಮಾತಾಡಬ್ಯಾಡ."

ಬಾಗಿಲು ತೆರೆಯಿತು. ಒಳಗೆ ಹೋಗಿ ನೋಡಿದರೆ ಗೋಡೆಯ ಮೇಲೆ ಅದೇ ಚಾರ್ಟು. ಅದೇ ಠ, ಅದೇ ಗ, ಅದೇ ಲ. ಲೋಕದಲ್ಲಿ ಒಬ್ಬನೇ ಒಬ್ಬ ಒಂದೇ ಒಂದು ಚಾರ್ಟು ಅಚ್ಚು ಹಾಕಿ ಎಲ್ಲ ತಾಲೂಕಿಗೂ ಹಂಚಿಬಿಟ್ಟಿದ್ದನೋ ಏನೋ.

ಇಲ್ಲಿದ್ದ ವೈದ್ಯೆ ಬಿಳಿ ಕೂದಲಿನವರು, ಕನ್ನಡಕದ ಮೇಲಿಂದ ನೋಡುವವರು. "ಏನ್ ಬರದೈತಿ ಹೇಳು ಪುಟ್ಟಿ," ಎಂದರು.

"ಅಮ್ಮ ಕಾಣಲ್ಲ ಅನ್ನು ಅಂದಾಳ್ರೀ," ಎಂದಳು ಸ್ನೇಹಾ. "ಆದ್ರ ನನಗ ಗೊತ್ತೈತಿ. ಠ. ಗ, ಲ. ಸ, ಯ, ಟ..."

ವೈದ್ಯೆ ಪೆನ್ನು ಕೆಳಗಿಟ್ಟು ಶಿಲ್ಪಶ್ರೀಯನ್ನು ನೋಡಿದ ನೋಟಕ್ಕೆ ತುಂಗಭದ್ರೆಯ ನೀರು ಹೆಪ್ಪುಗಟ್ಟಬೇಕಿತ್ತು.

"ಅಂಗವಿಕಲರ ಪಿಂಚಣಿ ಆಸಿಗೆ ಮಕ್ಕಳಿಗೆ ಸುಳ್ಳು ಕಲಸಾಕತ್ತೀರಾ?"

"ಇಲ್ರೀ ಮೇಡಂ. ಆಕಿ ನೆನಪಿಲೆ ಹೇಳಾಕತ್ತಾಳ. ಅಂಗಿ ಗುಂಡಿ ಹಾಕ್ಕೊಳ್ಳಾಕ ಬರಲ್ರೀ ಆಕಿಗೆ, ಚಪ್ಪಲಿ ನೋಡ್ರಿ ಉಲ್ಟಾ ಐತಿ..."

"ಗುಂಡಿ ಹಾಕಾಕ ಬರಲ್ಲ, ಹತ್ತು ಸಾಲು ಒಂದ ಸಲ ಕೇಳಿ ಬಾಯಿಪಾಠ ಮಾಡ್ತಾಳ. ಜಾಣಿ ಅಂತೀರೋ, ಬರಲ್ಲ ಅಂತೀರೋ, ಒಂದನ್ನ ಹೇಳ್ರಿ ತಾಯಿ."

"ಎರಡೂ ಹೌದ್ರಿ," ಎಂದಳು ಶಿಲ್ಪಶ್ರೀ. ಅವಳ ಬದುಕಿನ ಇಡೀ ಕಥೆಯೇ ಆ ಎರಡು ಪದ. ಹೇಳಿದಾಗ ಮಾತ್ರ ಅದು ಕಳ್ಳಿಯ ಮಾತಿನಂತೆ ಕೇಳಿಸಿತು. ಕಾಗದದ ಮೇಲೆ ಮತ್ತೊಮ್ಮೆ ಆರಕ್ಕೆ ಆರು ಬಿತ್ತು. ಅದರ ಕೆಳಗೆ ಕೆಂಪಿನಲ್ಲಿ ಒಂದು ಗೆರೆ: ತಾಯಿ ಹೇಳಿಕೊಟ್ಟಂತಿದೆ.

ಮನೆಯಲ್ಲಿ ಅತ್ತೆ ಎರ್ರೆಮ್ಮ ಕಾಯುತ್ತಿದ್ದಳು. ಸುದ್ದಿ ಕೇಳಿ ಮೊಮ್ಮಗಳಿಗೆ ದೃಷ್ಟಿ ತೆಗೆದು ಸೊಸೆಯ ಕಡೆ ತಿರುಗಿದಳು. "ದೊಡ್ಡ ಡಾಕ್ಟರು ಎರಡು ಸಲ ಕಣ್ಣು ಮಸ್ತ್ ಅದಾವ ಅಂದಾರ, ನೀನು ಮಕ ಗಂಟು ಹಾಕ್ಕೊಂಡೀಯಲ್ಲ. ಎಂಥಾ ತಾಯೇ ನೀನು?"

"ಅತ್ತಿ, ನಿನ್ನೆ ಇದ ಹುಡುಗಿ ಎಮ್ಮಿ ಮುಂದ ನಿಂತು ನೀವಂತ ತಿಳದು ಮಾತಾಡಸ್ಲಿಲ್ಲೇನು?"

"ಅದು ಸಂಜಿ ಹೊತ್ತು," ಎಂದಳು ಎರ್ರೆಮ್ಮ. "ಯಾರಿಗಾದ್ರೂ ಹಂಗ ಕಾಣ್ತಿತ್ತು."

ಜಂಬುನಾಥ್ ಎರಡೂ ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ ಸೀಲು ನೋಡಿದ. ಸೀಲು ಸರಿಯಿತ್ತು. ಅದೇ ಅವನಿಗೆ ಸಂಕಟ. "ನನ್ನ ಮಗಳಿಗೆ ಕಾಣಲ್ಲ ಅಂತ ನನಗ ಗೊತ್ತಿಲ್ಲೇನು," ಎಂದ ಮೆಲ್ಲಗೆ. "ಆದ್ರ ಕಾಗದ ಇಲ್ಲಲ್ಲ ಶಿಲ್ಪಾ. ಹಾಸ್ಟೆಲ್‌ನೋರ ಹತ್ರ ಮಾತಾಡ್ತೀನಿ, ಸೀಟು ಐತಂತ." ಸ್ನೇಹಾ ಪಕ್ಕದಲ್ಲೇ ಕೂತು ಹಾಸ್ಟೆಲಿಗೆ ಯಾವ ಬಸ್ಸು, ಎಷ್ಟು ಸ್ಟಾಪು, ಅಮ್ಮ ದಿನಾ ಬರ್ತಾಳೇನು ಎಂದು ಕೇಳತೊಡಗಿದಳು. ಕೊನೆಯ ಪ್ರಶ್ನೆಯನ್ನು ನಲವತ್ತು ಸಲ ಕೇಳಿದಳು. ಯಾವಾಗಲೂ ಸಿಡುಕುವ ಶಿಲ್ಪಶ್ರೀಗೆ ಆವತ್ತು ಒಂದು ಸಲವೂ ಸಿಡುಕಲು ಬಾಯಿ ಬರಲಿಲ್ಲ.

ಮೂರನೆಯ ಶಿಬಿರ ಹೊಸಪೇಟೆಯಲ್ಲೇ, ಇಪ್ಪತ್ತೊಂಬತ್ತನೇ ತಾರೀಕು. ಹಿಂದಿನ ದಿನ ಶುಕ್ರವಾರ. ಶಾಲೆಗೆ ರಜೆ ಕೊಡುವ ಧೈರ್ಯವಾಗದೆ ಶಿಲ್ಪಶ್ರೀ ಮಗಳನ್ನು ಹಂಪಿಗೆ ಕರೆದುಕೊಂಡು ಹೋದಳು. ಹೇಮಕೂಟದ ಬಂಡೆಯ ಮೇಲೆ ಕೂತು ಬೇಡಿಕೊಂಡಳು, ಬೈದಳು, ಮತ್ತೆ ಬೇಡಿಕೊಂಡಳು.

"ಆ ಅಕ್ಷರ ಮರಿ ಸ್ನೇಹಾ. ನಾಳೆ ಒಂದಿನ ಮರಿ."

"ಹೆಂಗ ಮರೀಬೇಕು? ಹೇಳಿಕೊಡು."

ಇದಕ್ಕೆ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. "ಹೋಗ್ಲಿ, ಆ ಚಾರ್ಟು ನಿನಗ ಕಾಣ್ತಿತ್ತೇನು?"

"ಚಾರ್ಟು ಎಲ್ಲಿತ್ತು?" ಎಂದಳು ಸ್ನೇಹಾ ನಿಜವಾದ ಅಚ್ಚರಿಯಿಂದ. "ಮುಂದಿನೋರು ಓದಿದ್ರು. ನಾನು ಕೇಳಿಸ್ಕೊಂಡೆ. ಆಮ್ಯಾಲೆ ಅವರು ಕೇಳಿದ್ರು, ನಾನು ಹೇಳಿದೆ. ನಮ್ಮ ಬಸ್ಸಿನಾಗ ಹಂಗ ಅಲ್ಲೇನು?"

ಶಿಲ್ಪಶ್ರೀ ಹಣೆ ಹಣೆ ಬಡಿದುಕೊಂಡಳು. ಆ ಸಪ್ಪಳಕ್ಕೆ ವಿರೂಪಾಕ್ಷ ಗುಡಿಯ ಕೋತಿಗಳೆಲ್ಲ ತಿರುಗಿ ನೋಡಿದವು. ಯಾರೋ ಓದುವುದು, ತಾನು ಕೇಳುವುದು, ಆಮೇಲೆ ಒಪ್ಪಿಸುವುದು: ಮೂರು ವರ್ಷ ತಾನೇ ಕಟ್ಟಿದ ಶಾಲೆಯ ಪದ್ಧತಿ. ಮಗಳು ಕಣ್ಣಿನ ಪರೀಕ್ಷೆಯನ್ನೂ ಅದೇ ಶಾಲೆಯ ಪರೀಕ್ಷೆಯೆಂದು ತಿಳಿದು ಎರಡು ಸಲ ರ್‍ಯಾಂಕು ಬಂದಿದ್ದಳು. ಗೋಡೆಯ ಕಡೆ ನೋಡಬೇಕೆಂದೇ ಅವಳಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಸಮುದಾಯ ಭವನದಲ್ಲಿ ಕೂತಿದ್ದವರು ಕಂಪ್ಲಿಯ ಅದೇ ವೈದ್ಯೆ. ಗೋಡೆಯ ಮೇಲಿದ್ದುದು ಅದೇ ಚಾರ್ಟು.

"ಮತ್ತ ನೀವಾ?" ಎಂದರು ವೈದ್ಯೆ. "ಈ ಸಲ ಏನ್ ಹೇಳಿಕೊಟ್ಟೀರಿ?"

"ಏನೂ ಇಲ್ರೀ," ಎಂದಳು ಶಿಲ್ಪಶ್ರೀ.

ಸ್ನೇಹಾ ಕುರ್ಚಿಯಲ್ಲಿ ಕೂತಳು, ಎಡದ ಚಪ್ಪಲಿ ಬಲಕ್ಕೆ, ಬಲದ್ದು ಎಡಕ್ಕೆ. ಮುಖ ಫ್ಯಾನಿನ ಕಡೆಗಿತ್ತು. ವೈದ್ಯೆ "ಹೂಂ, ಮ್ಯಾಲಿಂದ" ಎಂದು ಬಾಯಿ ತೆರೆಯುವಷ್ಟರಲ್ಲಿ ಶಿಲ್ಪಶ್ರೀಗೆ ಒಳಗೇನೋ ಕಡಿದುಹೋಯಿತು. ಎರಡು ಶಿಬಿರ, ಮೂರು ಶಾಲೆ, ನಾಲ್ಕು ಸಾವಿರ ಬಸ್ಸು, ಒಂಬತ್ತು ವರ್ಷದ ಗುಂಡಿಗಳು, ಎಲ್ಲ ಒಟ್ಟಿಗೆ ಕಾಲಿಗೆ ಬಂದವು. ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಚಾರ್ಟನ್ನು ಮೊಳೆಯಿಂದ ಕಿತ್ತು, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತಳು.

"ಏನ್ರೀ ಇದು?" ಎಂದು ಅಲ್ಲಿನ ಸಹಾಯಕ ಎದ್ದುನಿಂತ.

"ಈಗ ಕೇಳ್ರಿ ಮೇಡಂ," ಎಂದಳು ಶಿಲ್ಪಶ್ರೀ. "ಮ್ಯಾಲಿಂದ ಕೇಳ್ರಿ."

ವೈದ್ಯೆ ಒಂದು ಗಳಿಗೆ ಶಿಲ್ಪಶ್ರೀಯನ್ನು, ಒಂದು ಗಳಿಗೆ ಗೋಡೆಯನ್ನು ನೋಡಿದರು. ಅಲ್ಲೊಂದು ಮೊಳೆ, ಮೊಳೆಯ ಕೆಳಗೆ ಸುಣ್ಣದ ಬಿಳಿ ಚೌಕ. "ಹೇಳು ಪುಟ್ಟಿ," ಎಂದರು.

"ಠ," ಎಂದಳು ಸ್ನೇಹಾ. "ಗ, ಲ. ಸ, ಯ, ಟ. ರ, ದ, ವ, ಅಲ್ಲ ತಾತ, ಪ..."

ಆ ಹುಡುಗಿ ಬೋಳು ಗೋಡೆಯನ್ನು ಮೇಲಿಂದ ಕೆಳಗೆ ಓದಿ ಮುಗಿಸಿದಳು. ಹತ್ತನೆಯ ಸಾಲಿಗೆ ಬಂದಾಗ ಸಹಾಯಕನ ಬಾಯಿ ಸಂಡೂರಿನ ಲಾರಿಯೊಂದು ಒಳಗೆ ಹೋಗಿ ತಿರುಗಿಸಿಕೊಂಡು ಬರುವಷ್ಟು ತೆರೆದಿತ್ತು.

"ತಾತ ಯಾರು?" ಎಂದು ವೈದ್ಯೆ ಕೇಳಿದರು.

"ಸಂಡೂರಿನಾಗ ನನ್ನ ಮುಂದಿದ್ದ ತಾತ. ಅವರು ತಪ್ಪು ಓದಿದ್ರು."

"ಈಗ ಚಾರ್ಟು ಎಲ್ಲೈತಿ ಗೊತ್ತೇನು?"

"ಅಮ್ಮನ ಕಡೆ. ಕಾಗದದ ಸಪ್ಪಳ ಕೇಳಿಸ್ತು. ನೀವು ಹೇಳು ಅಂದ್ರಿ, ಹೇಳಿದೆ."

ವೈದ್ಯೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಆಮೇಲೆ ಕುರ್ಚಿ ಎಳೆದು ಸ್ನೇಹಾಳ ಮುಂದೆ ಕೂತರು. ಬೆರಳು ತೋರಿಸಿದರು, ಬ್ಯಾಟರಿ ಬೆಳಕು ಬಿಟ್ಟರು, ಹನಿ ಹಾಕಿ ಕಣ್ಣಿನ ಒಳಗೆ ಇಣುಕಿದರು, ಶಿಲ್ಪಶ್ರೀ ಮೂರೂ ಸಲ ತಂದಿದ್ದ, ಯಾರೂ ತೆರೆಯದ ಹಳೆಯ ರಿಪೋರ್ಟಿನ ಕಟ್ಟನ್ನು ಬಿಚ್ಚಿ ಹಾಳೆ ಹಾಳೆ ಓದಿದರು. ಹಿಂದೆ ಸಾಲು ಗೊಣಗುತ್ತಿತ್ತು.

"ಕಂಪ್ಲಿಯಾಗ ಇದನ್ನ ನೋಡಬೇಕಿತ್ತು ನಾನು," ಎಂದರು ಕೊನೆಗೆ. "ಚಾರ್ಟು ಗ್ವಾಡಿಗೆ ಹಾಕ್ರಿ ತಾಯಿ, ಹಿಂದಿನೋರಿಗೆ ಬೇಕು."

ಸರ್ಟಿಫಿಕೇಟು ಕೈಗೆ ಬಂದಾಗ ಮಧ್ಯಾಹ್ನ ಮೂರು. ದೃಷ್ಟಿದೋಷ ಶೇಕಡಾ ಎಪ್ಪತ್ತು, ಸಹಿ, ದುಂಡನೆಯ ನೇರಳೆ ಸೀಲು. ಶಿಲ್ಪಶ್ರೀ ಅಲ್ಲಿಂದಲೇ ಅರ್ಜಿ ತುಂಬಿ ಕಳಿಸಿ, ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಜಂಬುನಾಥ್ ಸೀಲನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಸವರಿದ, ಕಪಾಟಿನಲ್ಲಿ ತನ್ನ ಗೇಟ್ ಪಾಸಿನ ಪಕ್ಕಕ್ಕಿಟ್ಟ. ಹಾಸ್ಟೆಲಿನ ನಂಬರನ್ನು ಫೋನಿನಿಂದ ಅಳಿಸಿ, "ಪರೀಕ್ಷೆಗೆ ನಾನೂ ಬರ್ತೀನಿ, ರಜೆ ಹಾಕ್ತೀನಿ," ಎಂದ. ಎಪ್ಪತ್ತು ಎಂಬ ಸಂಖ್ಯೆ ಕೇಳಿದ್ದೇ ತಡ, ಎರ್ರೆಮ್ಮ ಮನೆ ಬಿಟ್ಟು ಓಣಿಗಿಳಿದಿದ್ದಳು. ಸಂಜೆಯೊಳಗೆ ಹೊಸಪೇಟೆಯ ಅರ್ಧ ಊರಿಗೆ ಅವಳ ಮೊಮ್ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದ ಸುದ್ದಿ ತಲುಪಿತ್ತು. ಉಳಿದರ್ಧ ಊರಿನವರು ಮರುದಿನ ಬೆಳಿಗ್ಗೆ ತಾವೇ ಕೇಳಿಕೊಂಡು ಬಂದರು.

ಸ್ನೇಹಾ ಮಾತ್ರ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಸೋಮವಾರ ಬೆಳಿಗ್ಗೆ ನಿಲ್ದಾಣದಲ್ಲಿ ಸಂಡೂರಿನ ಬಸ್ಸಿಗೆ ಕಾಯುವಾಗ ಬಾಯಿಬಿಟ್ಟಳು.

"ಸಂಡೂರಿನಾಗ ಆರಕ್ಕ ಆರು. ಕಂಪ್ಲಿಯಾಗ ಆರಕ್ಕ ಆರು. ಇಲ್ಲೂ ಅದನ್ನ ಹೇಳಿದೆ. ನೂರಕ್ಕ ಎಪ್ಪತ್ತ ಯಾಕ ಕೊಟ್ರು?"

"ಅದು ಮಾರ್ಕ್ಸ್ ಅಲ್ಲ ಸ್ನೇಹಾ. ಹನ್ನೆರಡು ಸಲ ಹೇಳೀನಿ."

"ಒಂಬತ್ತು ಸಲ. ಮೂವತ್ತು ಎಲ್ಲಿ ಹೋದ್ವು?"

"ಚಪ್ಪಲಿ ಉಲ್ಟಾ ಹಾಕ್ಕೊಂಡಿ, ಸರಿ ಮಾಡ್ಕೋ."

ಸ್ನೇಹಾ ಎರಡನ್ನೂ ಬಿಚ್ಚಿ, ಎರಡನ್ನೂ ತಡವಿ, ಮತ್ತೆ ಉಲ್ಟಾನೇ ಹಾಕಿಕೊಂಡಳು. "ಇರ್ಲಿ ಬಿಡು," ಎಂದಳು ಅಮ್ಮನನ್ನು ಸಮಾಧಾನ ಮಾಡುವವಳಂತೆ. "ಮುಂದಿನ ಸಲ ಚಲೋ ತಯಾರಿ ಮಾಡ್ಕೊಂತೀನಿ. ನೂರಕ್ಕ ನೂರು ತಗೊಂತೀನಿ."

ಕಣ್ಣಿನ ಪರದೆ ಇನ್ನೂ ಸವೆಯಬಹುದೆಂದು ಹಳೆಯ ರಿಪೋರ್ಟಿನ ಕೊನೆಯ ಹಾಳೆಯಲ್ಲಿ ಬರೆದಿತ್ತು. ಆ ಹಾಳೆಯೊಂದನ್ನು ಮಾತ್ರ ಶಿಲ್ಪಶ್ರೀ ಮಗಳಿಗೆ ಗಟ್ಟಿಯಾಗಿ ಓದಿರಲಿಲ್ಲ. ಬಗ್ಗಿ ಕೂತು, ಒಂದೊಂದೇ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪಲಿ ಬದಲಿಸಿದಳು.

"ಬ್ಯಾಡವ್ವ," ಎಂದಳು. "ಎಪ್ಪತ್ತು ಭಾಳ ಆತು. ಒಂದು ಮಾರ್ಕ್ಸೂ ಹೆಚ್ಚಿಗಿ ಬ್ಯಾಡ."

"ಯಾಕ ಬ್ಯಾಡ?"

"ಏಳು, ಬಸ್ ಬಂತು."

"ಬಂದಿಲ್ಲ," ಎಂದಳು ಸ್ನೇಹಾ, ಕಿವಿಯನ್ನು ರಸ್ತೆಯ ಕಡೆಗೆ ತಿರುಗಿಸಿ. "ಅದು ಕಂಪ್ಲಿದು. ನಮ್ಮದು ಇನ್ನಾ ತಿರುವಿನಾಗ ಐತಿ, ಬಸವರಾಜ್ ಮಾಮ ಯಾರಿಗೋ ಬೈಯಾಕತ್ತಾನ. ಯಾಕ ಬ್ಯಾಡ, ಹೇಳು?"